ಎಡಗಡೆ ಸ್ಟೇರಿಂಗು, ಬಲಗಡೆ ಅತ್ತೆ

ನನ್ನ ಸೋದರಮಾವ ಐವತ್ತು ವರ್ಷ ತುಂಬುವ ತನಕ ಮನೆಯವರನ್ನು ಒಂದೇ ಒಂದು ಪ್ರಶ್ನೆ ಕೇಳಿದವರಲ್ಲ ಎಂದರೆ ನೀವು ನಂಬಬಹುದು. ಅಂಥ ಗಂಡಸರು ನಿಮ್ಮ ಮನೆಯಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಆದರೆ ಅವರು ಕಸುಬಿನಲ್ಲಿ ವಕೀಲರು ಎಂದರೆ? ನಂಜನಗೂಡಿನ ಕೋರ್ಟಿನಲ್ಲಿ ದಿನಬೆಳಗಾದರೆ ಸಾಕ್ಷಿಗಳನ್ನು ನಿಲ್ಲಿಸಿಕೊಂಡು, ಆ ಹೊತ್ತಿನಲ್ಲಿ ಎಮ್ಮೆ ಯಾವ ಕಡೆ ಮುಖ ಮಾಡಿತ್ತು ಎಂಬಲ್ಲಿಂದ ಹಿಡಿದು ನೂರೆಂಟು ಪ್ರಶ್ನೆ ಕೇಳಿ ಬೆವರಿಳಿಸುತ್ತಿದ್ದ ಮನುಷ್ಯ, ಸಂಜೆ ಕರಿ ಕೋಟನ್ನು ಗೂಟಕ್ಕೆ ಹಾಕಿದರೆಂದರೆ ಪ್ರಶ್ನೆಗಳನ್ನೂ ಅದರ ಜೊತೆಗೇ ನೇತುಹಾಕಿಬಿಡುತ್ತಿದ್ದರು. ಅಡುಗೆ ಏನು ಎಂದು ಕೇಳುತ್ತಿರಲಿಲ್ಲ, ‘ಇವತ್ತು ಹುಳಿ’ ಎನ್ನುತ್ತಿದ್ದರು. ಸುಣ್ಣ ಬಳಿಯುವವರು ಬಂದು ಬಾಗಿಲು ತಟ್ಟಿದಾಗಲೇ ಮನೆಗೆ ಸುಣ್ಣ ಬಳಿಸುವ ವಿಚಾರ ಅತ್ತೆಗೆ ಗೊತ್ತಾಗುತ್ತಿದ್ದದ್ದು. ಎಪ್ಪತ್ತರ ದಶಕದ ಕೊನೆಯಲ್ಲಿ ನನಗೆ ಆ ಊರಿನಲ್ಲಿ ಟೀಚರ್ ಕೆಲಸ ಸಿಕ್ಕಾಗಲೂ ಅಷ್ಟೆ. ‘ನಮ್ಮನೇಲಿ ಇರ್ತಾಳೆ’ ಎಂದು ಒಂದು ಕಾರ್ಡು ಬರೆದರು. ನನ್ನನ್ನೂ ಕೇಳಲಿಲ್ಲ, ನನ್ನ ಅಮ್ಮನನ್ನೂ ಕೇಳಲಿಲ್ಲ, ಅತ್ತೆಯನ್ನಂತೂ ಕೇಳುವ ಮಾತೇ ಇಲ್ಲ.

ನಾನು ಅಲ್ಲಿಗೆ ಬಂದು ಎರಡು ತಿಂಗಳಾಗಿತ್ತು. ಒಂದು ಭಾನುವಾರ ಮಧ್ಯಾಹ್ನ ಅತ್ತೆ ಮತ್ತು ನಾನು ಬೀದಿ ಬದಿಯ ಜಗಲಿಯ ಮೇಲೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆವು. ಬೀದಿಯ ತುದಿಯಲ್ಲಿ ಗುರುಗುರು ಸದ್ದಾಯಿತು. ಆಮೇಲೆ ತಿಳಿನೀಲಿ ಬಣ್ಣದ ಒಂದು ಮೂತಿ ಕಾಣಿಸಿತು. ಕಾರು ಬಂತು ಎಂದರೆ ತಪ್ಪಾಗುತ್ತದೆ, ಬರುತ್ತಲೇ ಇತ್ತು! ಮೂತಿ ನಮ್ಮ ಬಾಗಿಲು ದಾಟಿ ಪಕ್ಕದ ಮನೆಗೆ ಹೋಯಿತು. ಹಿಂದುಗಡೆ ಮೀನಿನ ಬಾಲದಂಥ ಎರಡು ರೆಕ್ಕೆಗಳು ಇನ್ನೂ ಆಚೆ ಮನೆಯ ಹತ್ತಿರವೇ ಇದ್ದವು. ಎರಡು ಎತ್ತಿನ ಗಾಡಿ ಎದುರುಬದುರಾದರೆ ಒಬ್ಬನು ಎತ್ತು ಬಿಚ್ಚಲೇಬೇಕಾದಂಥ ಬೀದಿ ಅದು. ಎರಡೂ ಕಡೆಯ ಜಗಲಿಗಳ ಮೇಲೆ ಕೂತಿದ್ದವರು ಗಡಬಡಿಸಿ ಕಾಲು ಮೇಲೆಳೆದುಕೊಂಡರು.

ಎದುರು ಮನೆಯ ಜೋಯಿಸರು ಕನ್ನಡಕ ಸರಿಮಾಡಿಕೊಂಡು ಕೇಳಿದರು: “ಏನ್ ವಕೀಲರೇ, ಇದು ಪೂರ್ತಿ ಬಂದಾಯ್ತೋ, ಹಿಂದೆ ಇನ್ನೂ ಇದೆಯೋ?”

ಹೌದು, ಒಳಗೆ ಕೂತಿದ್ದವರು ನಮ್ಮ ಮಾವ! ಮೈಸೂರಿನ ಯಾವುದೋ ಕಾರ್ಖಾನೆಗೆ ಯಂತ್ರ ಕೂರಿಸಲು ಬಂದಿದ್ದ ವಿದೇಶಿ ಎಂಜಿನಿಯರನೊಬ್ಬ ಊರಿಗೆ ಹಿಂತಿರುಗುವಾಗ ಬಿಟ್ಟುಹೋದ ಅಮೆರಿಕದ ಕಾರಂತೆ. ಅದರ ಬಾಗಿಲು ತೆರೆಯಲು ಬೀದಿಯಲ್ಲಿ ಜಾಗ ಇರಲಿಲ್ಲ. ಎಡಗಡೆ ನಮ್ಮ ಜಗಲಿ, ಬಲಗಡೆ ಜೋಯಿಸರ ಜಗಲಿ. ನಂಜನಗೂಡಿನ ಹಿರಿಯ ವಕೀಲರು ಕಚ್ಚೆ ಪಂಚೆಯಲ್ಲಿ ಕಿಟಕಿಯಿಂದ ಮೊದಲು ತಲೆ, ಆಮೇಲೆ ಹೊಟ್ಟೆ ಹೊರಹಾಕಿ ನಮ್ಮ ಅಕ್ಕಿ ಮೊರದ ಪಕ್ಕದಲ್ಲೇ ಬಂದಿಳಿದರು.

“ಯಾರನ್ನ ಕೇಳಿ ತಂದ್ರಿ ಇದನ್ನ?” ಎಂದರು ಅತ್ತೆ.

“ಯಾರನ್ನ ಕೇಳ್ಬೇಕು,” ಎಂದರು ಮಾವ. ಅದು ಪ್ರಶ್ನೆ ಎಂದು ತಿಳಿಯಬೇಡಿ. ತೀರ್ಪು.

ಆದರೆ ಅಸಲು ಆಘಾತ ಮಾರನೆಯ ದಿನ ಕಾದಿತ್ತು. ಸಾಯಂಕಾಲ ಸ್ಕೂಲಿನಿಂದ ಬಂದು ನೋಡುತ್ತೇನೆ, ನಮ್ಮ ಜಗಲಿ ಇರಬೇಕಾದ ಕಡೆ ಮಣ್ಣಿನ ಗುಡ್ಡೆ! ಕಾರಿನ ಬಾಗಿಲು ತೆರೆಯಬೇಕಲ್ಲ, ಮಾವ ಇಬ್ಬರು ಆಳುಗಳನ್ನು ಕರೆಸಿ, ಹಾರೆ ಕೊಟ್ಟು, ಜಗಲಿಯನ್ನು ಒಡೆಸಿಹಾಕಿದ್ದರು. ಅತ್ತೆ ಹೊಸಿಲ ಒಳಗೆ ನಿಂತು ನೋಡುತ್ತಿದ್ದರು. ಆ ಮನೆಯಲ್ಲಿ ಅವರಿಗೆ ತನ್ನದು ಅಂತ ಇದ್ದದ್ದು ಅದೊಂದೇ ಜಾಗ. ಸಂಜೆ ಅಲ್ಲಿ ಕೂತು ತರಕಾರಿ ಹೆಚ್ಚುತ್ತಾ, ಹೂ ಕಟ್ಟುತ್ತಾ, ಹೋಗಿಬರುವವರ ಕಷ್ಟಸುಖ ವಿಚಾರಿಸುತ್ತಿದ್ದರು.

“ಇಪ್ಪತ್ತೆಂಟು ವರ್ಷ ಕೂತ ಜಾಗ ಕಣೇ,” ಎಂದರು ನನಗೆ. “ಒಂದು ಮಾತು ಕೇಳಬಾರದಿತ್ತಾ? ಕೇಳಿದ್ರೆ ಹೂಂ ಅಂತಿದ್ದೆನೋ ಏನೋ.”

ಆ ರಾತ್ರಿಯ ಊಟವಾದ ಮೇಲೆ ಟಿ. ನರಸೀಪುರದ ತಮ್ಮನಿಗೆ ನನ್ನ ಕೈಯಲ್ಲಿ ಕಾಗದ ಬರೆಸಿದರು. ತಮ್ಮ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರ, ನಾಲ್ಕು ಜನರ ಪರಿಚಯ ಇದ್ದವರು. ಈ ಪೀಡೆಯನ್ನು ಹೇಗಾದರೂ ಮಾಡಿ ಮಾರಿಸು, ನನ್ನ ಜಗಲಿ ನನಗೆ ವಾಪಸ್ಸು ಬರಬೇಕು, ಇಷ್ಟೇ ಕಾಗದದ ಸಾರಾಂಶ. ಅತ್ತೆಗೆ ಅದಕ್ಕಿಂತ ಹೆಚ್ಚಿನದೇನೂ ಬೇಕಾಗಿರಲಿಲ್ಲ.

ಆ ಕಾರಿಗೆ ಇನ್ನೊಂದು ಐಬಿತ್ತು. ಅದು ನಮಗೆ ಗೊತ್ತಾದದ್ದು ಶಿರಸ್ತೇದಾರರ ಮಗನ ಮುಂಜಿಗೆ ನರಸೀಪುರಕ್ಕೆ ಹೊರಟ ದಿನ. ಅಮೆರಿಕದ ಕಾರಲ್ಲವೇ, ಸ್ಟೇರಿಂಗು ಎಡಗಡೆ. ಅತ್ತೆ ಮತ್ತು ನಾನು ಪದ್ಧತಿಯ ಪ್ರಕಾರ ಹಿಂದಿನ ಸೀಟಿನಲ್ಲಿ. ಮುಂದಿನ ಬಲಗಡೆಯ ಸೀಟಿನಲ್ಲಿ ಒಂದು ಗೊನೆ ರಸಬಾಳೆ. ಹದಿನಾರಿನ ಹತ್ತಿರ ಹುಲ್ಲು ತುಂಬಿದ ಗಾಡಿಯೊಂದು ಮುಂದೆ ಸಿಕ್ಕಿತು. ಅದನ್ನು ದಾಟಿಕೊಂಡು ಹೋಗಬೇಕು. ಆದರೆ ಎಡಗಡೆ ಕೂತ ಮಾವನಿಗೆ ಏನು ಕಾಣಬೇಕು ಹೇಳಿ? ಚರಂಡಿ, ಜಾಲಿ ಗಿಡ, ಒಂದು ಮೇಕೆ. ಎದುರಿಗೆ ಬರುವ ಬಸ್ಸು ಕಾಣಬೇಕಾದರೆ ಬಲಗಡೆ ಬಗ್ಗಬೇಕು. ಬಗ್ಗಿದರೆ ಬಾಳೆಗೊನೆ ಅಡ್ಡ. ಮಾವ ಹಾರನ್ ಒತ್ತಿದರು. ಗಾಡಿಯವನು ಹುಲ್ಲಿನ ಮರೆಯಿಂದ ಕೂಗಿ ಹೇಳಿದ: “ದಾರಿ ಐತಲ್ಲ ಸಾ, ಓಗಿ.”

ದಾರಿ ಐತೆ ನಿಜ, ಕಾಣಿಸಬೇಕಲ್ಲ! ಎತ್ತಿನ ನಡಿಗೆಯಲ್ಲೇ ಅಮೆರಿಕದ ಕಾರು ಸಾಗಿತು. ಹುಲ್ಲು ಕಿಟಕಿಯಿಂದ ಒಳಗೆ ಬಂದು ನಮ್ಮ ರೇಷ್ಮೆ ಸೀರೆಗಳ ಮೇಲೆಲ್ಲ ಕೂತಿತು. ನರಸೀಪುರ ಮುಟ್ಟುವ ಹೊತ್ತಿಗೆ ಮುಂಜಿ ಮುಗಿದು, ಮೂರನೆಯ ಪಂಕ್ತಿಯೂ ಎದ್ದು, ಅಡುಗೆಯವರು ಕೊಳದಪ್ಪಲೆ ತಿಕ್ಕುತ್ತಿದ್ದರು. ಕಾರಿನಲ್ಲಿ ಬಂದ ನಾವು ಮೂವರು ಮಜ್ಜಿಗೆ ಅನ್ನ ಉಪ್ಪಿನಕಾಯಿ ಊಟ ಮಾಡಿದೆವು. ನಂಜನಗೂಡಿನಿಂದ ಬಸ್ಸಿನಲ್ಲಿ ಬಂದಿದ್ದ ಜೋಯಿಸರು ಆಗಲೇ ಎರಡನೆಯ ಸಲ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ಹಿಂತಿರುಗುವಾಗ ಮಾವ ಕಾರಿನ ಮುಂದಿನ ಬಾಗಿಲು ತೆರೆದು ಅತ್ತೆಗೆ, “ನೀನು ಮುಂದೆ ಕೂತ್ಕೋ” ಎಂದರು. ಮುಂಜಿ ಮನೆಯವರೆಲ್ಲ ಬಾಗಿಲಿಗೆ ಬಂದು ನಿಂತರು. ನಮ್ಮ ವಂಶದಲ್ಲಿ ಗಂಡನ ಸಮಕ್ಕೆ, ಅದೂ ಮುಂದಿನ ಸೀಟಿನಲ್ಲಿ, ಊರಿನವರ ಕಣ್ಣೆದುರಿಗೆ ಕೂತ ಹೆಂಗಸು ಅದುವರೆಗೆ ಹುಟ್ಟಿರಲಿಲ್ಲ. ಶಿರಸ್ತೇದಾರರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅತ್ತೆ ತಲೆ ತಗ್ಗಿಸಿ ಹೋಗಿ ಕೂತರು.

ಎರಡು ಮೈಲಿಗೇ ಕಬ್ಬಿನ ಗಾಡಿ ಸಿಕ್ಕಿತು. ಮಾವ ಎರಡು ಸಲ ಕೆಮ್ಮಿದರು. ಗಂಟಲು ಸರಿಮಾಡಿಕೊಂಡರು. ಆಮೇಲೆ ರಸ್ತೆಯ ಮೇಲಿಂದ ದೃಷ್ಟಿ ತೆಗೆಯದೆ ಹೇಳಿದರು: “ಹೋಗ್ಲಾ?”

ಹಿಂದಿನ ಸೀಟಿನಲ್ಲಿ ನಾನು ನೆಟ್ಟಗೆ ಕೂತೆ. ಕೇಳಿದರು! ಮಾವ ಕೇಳಿದರು! ಅತ್ತೆಗೂ ನಂಬಿಕೆ ಬರಲಿಲ್ಲ. ಯಾರನ್ನು ಕೇಳುತ್ತಿದ್ದಾರೆ ಎಂದು ಒಂದು ಸಲ ಹಿಂದೆ ತಿರುಗಿ ನನ್ನನ್ನು ನೋಡಿದರು. ಆಮೇಲೆ ರಸ್ತೆ ನೋಡಿದರು. ರಸ್ತೆ ಖಾಲಿ ಇತ್ತು. ಆದರೆ ಉತ್ತರ ಹೇಳುವುದು ಹೇಗೆ? ನಮ್ಮ ಕಡೆ ಹೊರಟವರಿಗೆ ಬರೀ ‘ಹೋಗಿ’ ಎನ್ನುವುದುಂಟೇ? ಅಪಶಕುನ. ಅದರಲ್ಲೂ ಮುತ್ತೈದೆ ಕಟ್ಟಿಕೊಂಡ ಗಂಡನಿಗೆ! ಅತ್ತೆ ತಾಳಿ ಕಣ್ಣಿಗೊತ್ತಿಕೊಂಡು, ಕುಲದೇವರನ್ನು ನೆನೆದು, ನಿಧಾನವಾಗಿ “ಹೋಗಿ ಬನ್ನಿ” ಎಂದರು. ಅಷ್ಟು ಹೊತ್ತಿಗೆ ಎದುರಿಗೆ ಬಸ್ಸು ಬಂದಾಗಿತ್ತು. ಮಾವ ಹೊರಟೂಬಿಟ್ಟಿದ್ದರು. ಬಸ್ಸು ಆ ಕಡೆ ಗದ್ದೆಗೆ ಒಂದು ಚಕ್ರ ಇಳಿಸಿ ನಿಂತಿತು, ನಾವು ಈ ಕಡೆ ಚರಂಡಿಯ ಅಂಚಿನಲ್ಲಿ ನಿಂತೆವು. ಕಂಡಕ್ಟರು ಕೆಳಗಿಳಿದು ನಮ್ಮ ಮೂರು ತಲೆಮಾರಿಗೂ ಸಲ್ಲಬೇಕಾದದ್ದನ್ನು ಸಲ್ಲಿಸಿದ.

ಆ ಚರಂಡಿಯ ಅಂಚಿನಲ್ಲೇ ಒಪ್ಪಂದವಾಯಿತು. ದಾಟಬಹುದಾದರೆ ‘ಹೂಂ’. ದಾಟಬಾರದಾದರೆ ‘ಇರಿ’. ಅಂದಿನಿಂದ ಅತ್ತೆ ಬಲಗಡೆ ಸೀಟು ಬಿಡಲಿಲ್ಲ. ಬಿಡಿಸೋಣವೆಂದರೆ ಮಾವನಿಗೆ ಬೇರೆ ಗತಿಯೂ ಇರಲಿಲ್ಲವೆನ್ನಿ.

ನೋಡಿದವರ ಗಾಬರಿ ಏನು ಕೇಳುತ್ತೀರಿ! ಬಲಗಡೆಯವರೇ ಗಾಡಿ ಓಡಿಸುವವರು ಎಂಬುದು ಲೋಕರೂಢಿ. ಆ ಸೀಟಿನಲ್ಲಿ ಕುಂಕುಮವಿಟ್ಟ, ಕಚ್ಚೆ ಸೀರೆಯ ಹೆಂಗಸು, ಕೈಯಲ್ಲಿ ಚಕ್ರವಿಲ್ಲ, ಕಾರು ಮಾತ್ರ ಓಡುತ್ತಿದೆ. ಸುತ್ತೂರಿನ ಹತ್ತಿರ ಒಬ್ಬ ಮುದುಕ ಸೈಕಲ್ಲಿನಿಂದ ಇಳಿದು ಕೈ ಮುಗಿದದ್ದನ್ನು ನಾನೇ ನೋಡಿದ್ದೇನೆ.

ಒಂದು ಸಲವಂತೂ ನರಸೀಪುರದಲ್ಲಿ ಪೊಲೀಸಿನವನು ಕೈ ಅಡ್ಡ ಹಿಡಿದು ನಿಲ್ಲಿಸಿದ. ಅವರೆಕಾಯಿ ಕಾಲ. ಜಗಲಿ ಹೋದ ಮೇಲೆ ಅತ್ತೆ ಜಗಲಿಯ ಕೆಲಸಗಳನ್ನೆಲ್ಲ ಕಾರಿಗೇ ತಂದಿದ್ದರು. ಮಡಿಲಲ್ಲಿ ಮೊರ, ಎರಡು ಕೈಯಲ್ಲೂ ಅವರೆಕಾಯಿ. ಪೊಲೀಸಿನವನು ಬಲಗಡೆ ಕಿಟಕಿಯಲ್ಲಿ ಬಗ್ಗಿ ನೋಡಿ ಬೆಚ್ಚಿಬಿದ್ದ.

“ಅಲ್ಲಾ ಅವ್ವಾ, ಕಾರ್ ಓಡುಸ್ತಾ ಅವರೆಕಾಯಿ ಸುಲೀಬೌದಾ?”

“ಓಡ್ಸೋದು ಅವರಪ್ಪಾ,” ಎಂದು ಅತ್ತೆ ಮಾವನ ಕಡೆ ತೋರಿಸಿದರು. “ನಾನು ಬರೀ ಹೇಳ್ತೀನಿ.”

ಅವನು ಒಳಗೆ ಇಣುಕಿದ. ಎಡಗಡೆ ಸ್ಟೇರಿಂಗು ಹಿಡಿದು ಕೂತಿದ್ದ ಮಾವನನ್ನು ಕಂಡ. ಸ್ವಲ್ಪ ಯೋಚಿಸಿ, “ಅಂಗಾದ್ರೆ ಲೈಸೆನ್ಸು ಇಬ್ರದ್ದೂ ಬೇಕಾಯ್ತದೆ” ಎಂದ. ಎಂಥ ಕಗ್ಗಂಟಿನ ಕೇಸಿನಲ್ಲೂ ಸೋಲದ ನಮ್ಮ ವಕೀಲರು ಆ ವಾದಕ್ಕೆ ಸೋತರು.

ಇದಕ್ಕಿಂತಲೂ ನಾನು ದಂಗಾದ ಸಂಗತಿ ಇನ್ನೊಂದಿದೆ. ಒಮ್ಮೆ ತಗಡೂರಿನ ಕಡೆ ಹೋಗುವಾಗ ಖಾಲಿ ಗಾಡಿಯೊಂದರ ಹಿಂದೆ ಸಿಕ್ಕಿಕೊಂಡೆವು. “ಹೋಗ್ಲಾ?” ಎಂದರು ಮಾವ. “ಇರಿ” ಎಂದರು ಅತ್ತೆ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ “ಹೋಗ್ಲಾ?” ಮತ್ತೆ “ಇರಿ.” ನಾನು ಹಿಂದಿನ ಸೀಟಿನ ಬಲಗಡೆ ಕಿಟಕಿಯಿಂದ ನೋಡಿದೆ. ಎದುರಿಗೆ ಬಸ್ಸಿಲ್ಲ, ಗಾಡಿಯಿಲ್ಲ, ನರಪಿಳ್ಳೆಯಿಲ್ಲ! ಮೂರನೆಯ ಸಲ ಕೇಳಿಸಿಕೊಂಡು, ನಾಲ್ಕನೆಯ ಸಲಕ್ಕೆ ಅತ್ತೆ “ಹೂಂ” ಎಂದರು. ನಾನು ಅವರ ಮುಖ ನೋಡಿದೆ. ಅವರು ಅವರೆಕಾಯಿ ನೋಡಿಕೊಂಡರು.

ಹೀಗೇ ಮೂರು ವರ್ಷ ಕಳೆಯಿತು. ಕಡೆಗೂ ಶಿರಸ್ತೇದಾರರು ಅಕ್ಕನಿಗೆ ಕೊಟ್ಟ ಮಾತು ಉಳಿಸಿಕೊಂಡರು. ಮೈಸೂರಿನ ಲಾಡ್ಜೊಂದರ ಮಾಲೀಕರನ್ನು ಕರೆದುಕೊಂಡು ಬಂದರು. ಲಾಡ್ಜಿನ ಮುಂದೆ ಕಾರು ನಿಲ್ಲಿಸಿದರೆ ಗಿರಾಕಿಗಳು ನೋಡಲು ಬರುತ್ತಾರೆಂದು ಅವರ ಲೆಕ್ಕಾಚಾರ. ಬಿಡಿಭಾಗ ಸಿಗದೆ, ಬೀದಿಯವರ ದೂರು ಕೇಳಿ ಕೇಳಿ ಮಾವನೂ ಸೋತಿದ್ದರು. ಎಲ್ಲ ಮಾತುಕತೆ ಮುಗಿದು, ಜಗಲಿ ಮತ್ತೆ ಕಟ್ಟಲು ಇಟ್ಟಿಗೆ ಸಹ ಬಂದು ಬಾಗಿಲಲ್ಲಿ ಬಿದ್ದಿತ್ತು. ಶುಕ್ರವಾರ ಒಳ್ಳೆಯ ಗಳಿಗೆ ನೋಡಿ, ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಅದರ ಮೇಲೆ ಕಾರಿನ ಬೀಗದ ಕೈ ಇಟ್ಟುಕೊಂಡು ಮಾವ ನಡುಮನೆಯಲ್ಲಿ ನಿಂತರು. ಲಾಡ್ಜಿನವರು ಎದ್ದು ಎರಡೂ ಕೈ ಚಾಚಿದರು.

ಆಗ ಮಾವ, ಮೂರು ವರ್ಷದ ಅಭ್ಯಾಸ ನೋಡಿ, ಬಲಗಡೆ ತಿರುಗಿದರು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು.

“ಕೊಡ್ಲಾ?” ಎಂದರು ಮಾವ.

ಅತ್ತೆ ತಟ್ಟೆ ನೋಡಿದರು, ಕಿಟಕಿಯಾಚೆ ಕಾರಿನ ನೀಲಿ ರೆಕ್ಕೆ ನೋಡಿದರು, ಇಟ್ಟಿಗೆ ನೋಡಿದರು.

“ಇರಿ,” ಎಂದರು.

ತಟ್ಟೆ ಹಿಡಿದ ಮಾವ ಬ್ರೇಕು ಹಾಕಿದ ಹಾಗೆ ನಿಂತರು. ಲಾಡ್ಜಿನವರ ಕೈ ಚಾಚಿದ್ದು ಚಾಚಿದ ಹಾಗೇ ಇತ್ತು. ಶಿರಸ್ತೇದಾರರಿಗೆ ಸಿಟ್ಟು ನೆತ್ತಿಗೇರಿತು. “ಅಲ್ಲ ಕಣಕ್ಕಾ, ಪೀಡೆ ತೊಲಗಿಸು ಅಂತ ಕಾಗದ ಬರೆದೋಳು ನೀನೇ ಅಲ್ವೇನೇ? ಜಗಲಿ ಬೇಡ್ವಾ ನಿನಗೆ?”

“ಬೇಕಾಗಿತ್ತು ಕಣೋ,” ಎಂದರು ಅತ್ತೆ. “ಹುಡುಗ ಒಪ್ಪಿಗೆಯಾ ಅಂತ ಮದುವೆಗೆ ಮುಂಚೆ ಅಪ್ಪ ಕೇಳ್ಲಿಲ್ಲ. ಇಲ್ಲಿಗೆ ಬಂದ್ಮೇಲೆ ಇವರೂ ಏನೂ ಕೇಳ್ಲಿಲ್ಲ. ಆ ಕಾರಲ್ಲಿ ಕೂತ್ರೆ ನಿಮ್ಮೂರು ಮುಟ್ಟೋದ್ರೊಳಗೆ ಇಪ್ಪತ್ತು ಸಲ ಕೇಳ್ತಾರೆ. ನಾನು ಹೂಂ ಅನ್ನೋವರೆಗೂ ಕಾಯ್ತಾರೆ. ಅದನ್ನ ಕೊಟ್ಬಿಟ್ರೆ ಆಮೇಲೆ ನನ್ನನ್ನ ಯಾರು ಕೇಳ್ತಾರೋ?”

ಮಾವ ತಟ್ಟೆಯನ್ನು ದೇವರ ಗೂಡಿನ ಮುಂದೆ ಇಟ್ಟರು. ಬಾಗಿಲ ಕಡೆ ಕೈ ತೋರಿಸಿ, “ಇಟ್ಟಿಗೆ ಏನ್ ಮಾಡ್ಲಿ?” ಎಂದು ಕೇಳಿದರು.

“ಹಿತ್ತಿಲಿಗೆ ಹಾಕಿಸಿ,” ಎಂದರು ಅತ್ತೆ ಕಣ್ಣೊರೆಸಿಕೊಳ್ಳುತ್ತಾ. “ಅಲ್ಲೊಂದು ಜಗಲಿ ಆಗತ್ತೆ.”

ಲಾಡ್ಜಿನವರು ಕಾಫಿ ಕುಡಿದು ಹೋದರು. ಶಿರಸ್ತೇದಾರರು ಸಿಟ್ಟಿನಲ್ಲಿ ಬಸ್‌ಸ್ಟ್ಯಾಂಡಿನ ಕಡೆ ಹೊರಟರು. ಮಾವ ಬಿಡಲಿಲ್ಲ, ನಾವೇ ಬಿಟ್ಟುಬರುತ್ತೇವೆ ಎಂದು ಕೂರಿಸಿಕೊಂಡರು. ಸಿಟ್ಟು ಮಾಡಿಕೊಂಡ ಶಿರಸ್ತೇದಾರರು ನನ್ನ ಪಕ್ಕ ಹಿಂದಿನ ಸೀಟಿನಲ್ಲಿ, ಅತ್ತೆ ತಮ್ಮ ಜಾಗದಲ್ಲಿ. ಸಂಜೆಯ ಬಿಸಿಲು ಗದ್ದೆಗಳ ಮೇಲೆ ಬಿದ್ದಿತ್ತು. ಅದೇನು ಅದೃಷ್ಟವೋ, ಆ ದಿನ ರಸ್ತೆಯಲ್ಲಿ ಒಂದು ಗಾಡಿಯೂ ಸಿಗಲಿಲ್ಲ, ಒಂದು ಬಸ್ಸೂ ಬರಲಿಲ್ಲ. ಕಣ್ಣಿಗೆ ಕಾಣುವಷ್ಟು ದೂರ ರಸ್ತೆ ಖಾಲಿಯಾಗಿತ್ತು. ದಾಟಬೇಕಾದದ್ದು ಏನೂ ಇರಲಿಲ್ಲ.

ಮಾವ ಕಾರು ನಿಧಾನ ಮಾಡಿದರು. ಎರಡು ಸಲ ಕೆಮ್ಮಿದರು.

“ಹೋಗ್ಲಾ?” ಎಂದರು.

ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ. ಅತ್ತೆ ಆ ಖಾಲಿ ರಸ್ತೆಯನ್ನು ತುದಿಯವರೆಗೂ ಸಾವಕಾಶವಾಗಿ ನೋಡಿದರು. ಮಾವ ಕಾಯುತ್ತಿದ್ದರು. ಆಮೇಲೆ ಅತ್ತೆ ಹೂಂ ಎಂದರು.