ನಮ್ಮ ಶಾಲೆಗೆ ಆ್ಯಪ್ ನೋಡಿದ್ದು

ಶಾಲೆಯಲ್ಲಿ ಕೆಲಸ ಮಾಡುವವರು ನಗುವಿಗಾಗಿ ಎಲ್ಲಿಗೂ ಹೋಗಬೇಕಾಗಿಲ್ಲ. ಪ್ರಾರ್ಥನೆಯ ಗಂಟೆ ಹೊಡೆಯುವ ಮೊದಲೇ ಅದು ಬಂದು ಗೇಟಿನ ಹತ್ತಿರ ನಿಂತಿರುತ್ತದೆ. ಜತ್ತದಿಂದ ಸಂಖಕ್ಕೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ, ಅಲ್ಲಿ ನಮ್ಮ ಜಿಲ್ಲಾ ಪರಿಷತ್ತಿನ ಕನ್ನಡ ಪ್ರಾಥಮಿಕ ಶಾಲೆ. ರಾಜ್ಯ ಮಹಾರಾಷ್ಟ್ರ, ಮನೆಮಾತು ಕನ್ನಡ, ಕಚೇರಿಯಿಂದ ಬರುವ ಕಾಗದ ಮರಾಠಿ. ಮಕ್ಕಳಿಗೆ ನಾನು ಟೀಚರ್, ಊರಿಗೆ ಬಾಯಾರು.

ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಗೆ ಒಂದು ದೊಡ್ಡ ಟಿವಿ ಬಂತು. ಬೆರಳಿಂದ ಮುಟ್ಟಿದರೆ ಕೆಲಸ ಮಾಡುವಂಥದ್ದು. ಅದರ ಹಿಂದೆಯೇ ಒಂದು ಆದೇಶವೂ ಬಂತು. ಮಕ್ಕಳಿಗೆ ಹೊಂದುವ ಕಲಿಕೆಯ ಆ್ಯಪನ್ನು ಶಾಲೆಯವರೇ ಆರಿಸಿಕೊಳ್ಳಬೇಕು. ದೀಪಾವಳಿ ರಜೆಗೆ ಮುಂಚೆ ತಾಲೂಕಿನ ಸಾಹೇಬರು ಬಂದು ನೋಡುತ್ತಾರೆ. ಟಿವಿ ಸುಮ್ಮನೆ ಗೋಡೆಗೆ ನೇತಾಡುತ್ತಿದ್ದರೆ ಅದನ್ನು ಬಿಚ್ಚಿ ಪಕ್ಕದೂರಿನ ಮರಾಠಿ ಶಾಲೆಗೆ ಕಳಿಸುತ್ತಾರೆ.

ನಮ್ಮ ಹೆಡ್ ಸರ್ ಶಾಂತ ಸ್ವಭಾವದವರು. ನಿವೃತ್ತಿ ಹತ್ತಿರ ಬಂದಂತೆ ಇನ್ನಷ್ಟು ಶಾಂತರಾಗಿದ್ದಾರೆ. "ಬಾಯಾರ, ಟಿವಿ ಈಗ ಕೊಟ್ಟುಬಿಡೂಣು. ಕನ್ನಡದಾಗ ನಮಗ ಹೊಂದೂದು ಎಲ್ಲಿ ಸಿಗತೈತಿ?" ಅಂದರು.

ನನಗೆ ಸಿಟ್ಟು ಬಂತು. ನಮ್ಮ ಮಕ್ಕಳಿಗೆ ಪುಸ್ತಕ ತಡವಾಗಿ ಬರುತ್ತದೆ, ಶಿಕ್ಷಕರು ತಡವಾಗಿ ಬರುತ್ತಾರೆ. ಒಂದು ವಸ್ತು ಮೊಟ್ಟಮೊದಲು ನಮ್ಮಲ್ಲಿಗೆ ಬಂದಿದೆ, ಅದನ್ನೂ ಬಿಟ್ಟುಕೊಡುವುದೇ? "ಸಿಗೂತನಕ ಹುಡುಕ್ತೀನ್ರಿ ಸರ್," ಅಂದೆ. ನಾನು ಹಟ ಹಿಡಿದರೆ ಏನಾಗುತ್ತದೆ ಎಂದು ನಮ್ಮ ಮನೆಯವರಿಗೆ ಗೊತ್ತಿತ್ತು. ಹೆಡ್ ಸರ್‌ಗೆ ಆಮೇಲೆ ಗೊತ್ತಾಯಿತು.

ಕುಂಕುಮ

ಶಾಲಾ ಸಮಿತಿಯ ಅಧ್ಯಕ್ಷರು ದ್ರಾಕ್ಷಿ ತೋಟದ ಯಜಮಾನರು. ಹೊಸ ವಸ್ತು ಏನೇ ಬರಲಿ, ಪೂಜೆಯಾಗದೆ ಅದನ್ನು ಚಾಲೂ ಮಾಡಗೊಡುವವರಲ್ಲ. ತೋಟಕ್ಕೆ ಔಷಧಿ ಹೊಡೆಯುವ ಪಂಪಿಗೂ ವಿಭೂತಿ ಹಚ್ಚಿದವರು ಅವರು. ಟಿವಿಗೂ ಮೂರು ಬೆರಳಿನ ವಿಭೂತಿ ಎಳೆದರು, ನೆತ್ತಿಯ ನಡುವೆ ಢಾಳಾಗಿ ಕುಂಕುಮ ಇಟ್ಟರು. ತೆಂಗಿನಕಾಯಿಯನ್ನು ಮಾತ್ರ ನಾನು ಅವರ ಕೈ ಹಿಡಿದು ಅಂಗಳಕ್ಕೆ ಕರೆದುಕೊಂಡು ಹೋಗಿ ಒಡೆಸಿದೆ.

ಮರುದಿನ ಮುಂಜಾನೆ ಪುಣೆಯ ಒಂದು ಕಂಪನಿಯ ಹೆಣ್ಣುಮಗಳು ಆನ್‌ಲೈನಿನಲ್ಲಿ ತಮ್ಮ ಆ್ಯಪ್ ತೋರಿಸುವವಳಿದ್ದಳು. ಹೆಡ್ ಸರ್, ಅಧ್ಯಕ್ಷರು, ನಾನು ಸಾಲಾಗಿ ಕುಳಿತೆವು. ಅವಳು ನಮಗೆ ಚೆನ್ನಾಗಿ ಕಾಣುತ್ತಿದ್ದಳು. ಅವಳಿಗೆ ಮಾತ್ರ ನಾವು ಕಾಣುತ್ತಿರಲಿಲ್ಲ. "ನಿಮ್ಮ ಕಡೆ ಎಲ್ಲಾ ಕೆಂಪಾಗಿದೆ," ಎಂದು ಮರಾಠಿಯಲ್ಲಿ ಹೇಳಿದಳು. ಹೆಡ್ ಸರ್ ಟಿವಿ ಆರಿಸಿ ಮತ್ತೆ ಹಚ್ಚಿದರು. ಆಗಲೂ ಕೆಂಪು. ನಾನು ಎದ್ದು ನೋಡಿದರೆ, ಅಧ್ಯಕ್ಷರ ಕುಂಕುಮ ಸರಿಯಾಗಿ ಕ್ಯಾಮರಾದ ಕಣ್ಣಿನ ಮೇಲೆಯೇ ಕುಳಿತಿತ್ತು.

ಒರೆಸಲು ಸೆರಗು ಹಿಡಿದೆ. ಅಧ್ಯಕ್ಷರು ಗಾಬರಿಯಾದರು. "ಬಾಯಾರ, ಅಳಸಬ್ಯಾಡ್ರಿ. ಐದು ದಿನರ ಇರಬೇಕ್ರಿ ಅದು." ಕೆಂಪು ಪರದೆಗೇ ಅವಳು ಪಾಪ, ಅರ್ಧ ತಾಸು ಪಾಠ ತೋರಿಸಿದಳು. ಕನ್ನಡ ಇದೆಯೇ ಎಂದು ಕೇಳಿದೆ. ಮುಂದೆ ಬರುತ್ತದೆ ಅಂದಳು. ಕೊನೆಗೆ ಸೋತು, "ಇನ್ನೊಮ್ಮೆ ಒಳ್ಳೆಯ ಟೈಮ್ ನೋಡಿ ಮಾತಾಡೋಣವೇ?" ಎಂದು ಕೇಳಿದಳು.

ಅಧ್ಯಕ್ಷರು ಮುಂದೆ ಬಾಗಿ ಹೇಳಿದರು: "ಇದಕ್ಕಿಂತ ಚಲೋ ಟೈಮ್ ಇಲ್ಲವ್ವಾ. ಪಂಚಾಂಗ ನೋಡೇ ಕುಂತೀವಿ."

ಎಮ್ಮೆ

ಎರಡನೆಯ ಆ್ಯಪ್ ತನ್ನ ಕಾಲಿನಿಂದಲೇ ನಡೆದು ಬಂತು. ಅಂದರೆ ಅದನ್ನು ಮಾರುವವನು ಸಾಂಗಲಿಯಿಂದ ಬಸ್ಸು ಹಿಡಿದು ಬಂದ. ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು. ಅವನ ಆ್ಯಪಿನಲ್ಲಿ ಕನ್ನಡ ಇತ್ತು. ಯಾರೋ ಗಡಿಬಿಡಿಯಲ್ಲಿ ಅನುವಾದ ಮಾಡಿದ ಕನ್ನಡ, ಆದರೂ ಕನ್ನಡ. ನನಗೆ ಆಸೆ ಚಿಗುರಿತು. ಮೂರನೇ ತರಗತಿಯವರನ್ನು ಕೂಡಿಸಿದೆ.

ಪರದೆಯ ಮೇಲೆ ಪ್ರಶ್ನೆ ಬಂತು: 'ನಮಗೆ ಹಾಲು ಕೊಡುವ ಪ್ರಾಣಿ ಯಾವುದು?' ಕೆಳಗೆ ಆಕಳು, ಎಮ್ಮೆ, ಆಡು, ಬೆಕ್ಕಿನ ಚಿತ್ರಗಳು. ಮುಂದೆ ಕುಳಿತ ಹುಡುಗಿ ಎದ್ದು ಹೋಗಿ ಎಮ್ಮೆಯನ್ನು ಮುಟ್ಟಿದಳು. 'ತಪ್ಪು ಉತ್ತರ' ಎಂದಿತು ಟಿವಿ. ಬೆರಳು ಸರಿಯಾಗಿ ತಾಗಿಲ್ಲವೆಂದು ತಿಳಿದು ಇನ್ನೊಮ್ಮೆ ಗಟ್ಟಿಯಾಗಿ ಒತ್ತಿದಳು. ಮತ್ತೆ ತಪ್ಪು. ಇನ್ನೊಬ್ಬ ಹುಡುಗ ಆಡನ್ನು ಮುಟ್ಟಿದ. ಅದೂ ತಪ್ಪು.

"ಇವರ ಊರಾಗ ಎಮ್ಮಿ ಹಿಂಡೂದಿಲ್ಲೇನ್ರಿ ಟೀಚರ್?" ಎಂದು ಹುಡುಗಿ ನನ್ನನ್ನು ಕೇಳಿದಳು. ಮಾರುವವನು ನಕ್ಕು, "ಹಂಗಲ್ಲವ್ವಾ, ಕಂಪ್ಯೂಟರಿಗೆ ಒಂದ ಉತ್ತರ ಇರತೈತಿ. ಆಕಳ ಸರಿ, ಉಳದದ್ದು ತಪ್ಪು," ಅಂದ. ಹುಡುಗಿ ಒಪ್ಪಲಿಲ್ಲ.

ನಮ್ಮೂರಲ್ಲಿ ಶಾಲೆಗೆ ಯಾರೇ ಬಂದರೂ ಹತ್ತಿರದ ಮನೆಯಿಂದ ಚಹಾ ಬರುತ್ತದೆ. ಹತ್ತಿರದ ಮನೆ ಆ ಹುಡುಗಿಯದೇ. ಅವಳೇ ಓಡಿಹೋಗಿ ತಟ್ಟೆಯಲ್ಲಿ ಕಪ್ಪು ಇಟ್ಟುಕೊಂಡು ಬಂದಳು. ಅವನು ಒಂದು ಗುಟುಕು ಕುಡಿದು ಕಣ್ಣು ಅರಳಿಸಿದ. "ಆಹಾ, ಎಂಥ ಗಟ್ಟಿ ಹಾಲು! ಸಾಂಗಲ್ಯಾಗ ಇಂಥ ಚಹಾ ಸಿಗೂದಿಲ್ಲ."

ಹುಡುಗಿ ಕೈಕಟ್ಟಿಕೊಂಡು ನಿಂತು ಹೇಳಿದಳು: "ತಪ್ಪು ಉತ್ತರದ್ದ ಹಾಲ್ರಿ ಅದು."

ಜೋಕರ್

ಮೂರನೆಯದು ಗಡಿಯಾಚೆಯದು. ಕರ್ನಾಟಕದ ಮಕ್ಕಳಿಗಾಗಿ ಮಾಡಿದ್ದು. ಕನ್ನಡ ಕೇಳಿ ನನ್ನ ಕಿವಿ ತಂಪಾಯಿತು. ಪಾಠಗಳು ಮಾತ್ರ ಅವರ ಪುಸ್ತಕದವು, ನಮ್ಮ ಪುಸ್ತಕದವಲ್ಲ. ಮರಾಠಿ ಆ್ಯಪಿನಲ್ಲಿ ಪುಸ್ತಕ ನಮ್ಮದು, ಭಾಷೆ ನಮ್ಮದಲ್ಲ. ಇದರಲ್ಲಿ ಭಾಷೆ ನಮ್ಮದು, ಪುಸ್ತಕ ನಮ್ಮದಲ್ಲ. ಗಡಿಯಲ್ಲಿ ಬದುಕುವವರ ಹಣೆಬರಹವೇ ಇಷ್ಟು ಅಂದುಕೊಂಡೆ. ಗಣಿತಕ್ಕೆ ಗಡಿಯಿಲ್ಲವಲ್ಲ, ಅದನ್ನಾದರೂ ಬಳಸೋಣವೆಂದು ಹಚ್ಚಿದೆ.

ಅದರಲ್ಲಿ ಉತ್ತರ ಸರಿಯಾದರೆ ಚಪ್ಪಾಳೆ ಕೇಳಿಸುತ್ತದೆ. ತಪ್ಪಾದರೆ ಒಂದು ಬಲೂನು ಢಮ್ ಎಂದು ಒಡೆದು, ಜೋಕರ್ ಒಬ್ಬ ಅಂಗಾತ ಬೀಳುತ್ತಾನೆ. ಮಕ್ಕಳು ತುಂಬಾ ಉತ್ಸಾಹದಿಂದ ಆಡುತ್ತಿದ್ದರು. ನಾನು ಒಳಗೊಳಗೇ ಹಿಗ್ಗಿದೆ.

ವಾರ ಕಳೆಯುವುದರೊಳಗೆ ಕೇಂದ್ರಪ್ರಮುಖರ ಫೋನು ಬಂತು. ಸುತ್ತಲಿನ ಹತ್ತಾರು ಶಾಲೆಗಳನ್ನು ನೋಡಿಕೊಳ್ಳುವವರು ಅವರು. ಮಕ್ಕಳ ಅಂಕಗಳು ತಾವಾಗಿಯೇ ಅವರಿಗೆ ಹೋಗುವಂತೆ ನಾನೇ ವ್ಯವಸ್ಥೆ ಮಾಡಿದ್ದೆ. "ಏನ್ ಬಾಯಾರ, ನಿಮ್ಮ ಮೂರನೇ ಇಯತ್ತ್ಯಾಗ ಒಬ್ಬರಿಗೂ ಎರಡಕ್ಕ ಎರಡು ಕೂಡಸಾಕ ಬರೂದಿಲ್ಲೇನ್ರಿ?"

ನನ್ನ ಜೀವ ಹಾರಿತು. ತರಗತಿಗೆ ಹೋಗಿ ಕೇಳಿದೆ. ಎಲ್ಲರೂ ನಾಲ್ಕು ಎಂದು ಕೂಗಿದರು. ಎಲ್ಲರಿಗಿಂತ ಜಾಣ ಹುಡುಗನನ್ನು ನಿಲ್ಲಿಸಿ, "ಗೊತ್ತಿದ್ದೂ ಯಾಕೋ ಏಳು ಒತ್ತಿದಿ?" ಅಂದೆ. ಅವನು ತಲೆ ಕೆರೆದುಕೊಂಡ. "ಸರಿ ಒತ್ತಿದ್ರ ಜೋಕರ್ ಬೀಳೂದಿಲ್ಲಲ್ರಿ ಟೀಚರ್."

ಕೇಂದ್ರಪ್ರಮುಖರು ನಂಬಲಿಲ್ಲ. ಖುದ್ದು ಮೋಟರ್‌ಸೈಕಲ್ ಹತ್ತಿ ಬಂದರು. "ನೀವ ಒತ್ತಿ ನೋಡ್ರಿ ಸರ್," ಎಂದು ಟಿವಿ ಮುಂದೆ ನಿಲ್ಲಿಸಿದೆ. ಮೊದಲ ಪ್ರಶ್ನೆಗೆ ಸರಿ ಉತ್ತರ ಒತ್ತಿದರು. ಚಪ್ಪಾಳೆ ಬಂತು. ಆಮೇಲೆ ಒಮ್ಮೆ ನನ್ನ ಕಡೆ, ಒಮ್ಮೆ ಬಾಗಿಲ ಕಡೆ ನೋಡಿ ತಪ್ಪು ಉತ್ತರ ಒತ್ತಿದರು. ಢಮ್. ಅವರ ಹೊಟ್ಟೆ ಕುಲುಕಾಡಿತು.

ಊಟದ ಗಂಟೆ ಹೊಡೆದಾಗಲೂ ಅವರು ಅಲ್ಲೇ ಇದ್ದರು. "ಬಾಯಾರ, ಈ ಆ್ಯಪ್ ಉಪಯೋಗಿಲ್ಲ, ತಗದುಬಿಡ್ರಿ," ಅಂದರು. "ಆದ್ರ ಇವತ್ತು ಬ್ಯಾಡ. ನಾಳೆ ತಗೀರಿ."

ಗಿರಣಿ

ನವರಾತ್ರಿಯ ಹೊತ್ತಿಗೆ, ಹುಡುಕಿ ಹುಡುಕಿ ಕಣ್ಣು ಕೆಂಪಾದ ಮೇಲೆ, ನನಗೆ ಬೇಕಾದದ್ದು ಸಿಕ್ಕಿತು. ಇಂಟರ್‌ನೆಟ್ ಬೇಕಾಗಿಲ್ಲ, ಬಲೂನಿಲ್ಲ, ಜೋಕರಿಲ್ಲ. ನಮ್ಮ ಪಾಠಗಳನ್ನು ನಮ್ಮ ಮಾತಿನಲ್ಲಿ ನಾವೇ ಚಿತ್ರೀಕರಿಸಿ ಅದರೊಳಗೆ ಹಾಕಬಹುದು. ಕನ್ನಡ ಬೇರೆಲ್ಲಿಂದಲೋ ಬರಬೇಕೆಂದು ಕಾಯುವ ಕೆಲಸವೇ ಇಲ್ಲ. ಆ ದಿನ ನನಗಾದ ಸಂತೋಷ ಹೇಳತೀರದು.

ಆದರೆ ಪಾಠ ಹಚ್ಚಿದ ಕೂಡಲೇ ಟಿವಿ ಆರಿಹೋಗುತ್ತಿತ್ತು. ಶಾಲೆಯ ಬೆನ್ನಿಗೇ ಹಿಟ್ಟಿನ ಗಿರಣಿ ಇದೆ. ಅದು ಶುರುವಾದರೆ ಕರೆಂಟು ಕುಸಿಯುತ್ತದೆ. ಗಿರಣಿಯ ಮಾಲಕರನ್ನು ಊರೆಲ್ಲ ಚಾಚಾ ಎನ್ನುತ್ತದೆ. ಹೋಗಿ ಕೈಮುಗಿದೆ. "ನನ್ನ ಮೊಮ್ಮಗಳೂ ನಿಮ್ಮ ಹಂತ್ಯಾಕ ಕಲೀತಾಳ್ರಿ ಬಾಯಾರ. ದಿನಾ ಒಂದು ತಾಸು ಬಂದ್ ಇಡ್ತೀನಿ," ಅಂದರು.

ಮರುದಿನ ಜೋಳದ ಬುಟ್ಟಿ ಹೊತ್ತ ಹೆಂಗಸರು ಶಾಲೆಗೇ ಬಂದರು. ನಮ್ಮ ಹಿಟ್ಟು ನಿಲ್ಲಿಸಿದವರು ಯಾರು ಎಂದು ಕೇಳುತ್ತ ಬಂದವರು ಜಗುಲಿಯ ಮೇಲೆ ಕುಳಿತು, ಕಿಟಕಿಯಿಂದ ಪಾಠ ನೋಡತೊಡಗಿದರು. ಆಗ ನನಗೆ ಹೊಳೆಯಿತು. ಕಾಲು, ಅರ್ಧ, ಮುಕ್ಕಾಲು ಕಲಿಸಲು ಚಾಚಾನಿಗಿಂತ ಬೇರೆ ಯಾರು ಬೇಕು? ತಕ್ಕಡಿ, ಕಲ್ಲು, ಜೋಳದ ಸಮೇತ ಅವರನ್ನು ಕಚೇರಿ ಕೋಣೆಗೆ ಕರೆಸಿ ನನ್ನ ಮೊಬೈಲಿನಲ್ಲಿ ಚಿತ್ರೀಕರಿಸಿದೆ. ನಡುವೆ ಫೋನು ಬಂದು ಹೆಡ್ ಸರ್ ಮೂಲೆಯಲ್ಲಿ ಯಾರದೋ ಜೊತೆ ಮಾತಾಡಿದರು. ಅವರು ದಿನವೆಲ್ಲ ಮಾತಾಡುವವರೇ, ನಾನು ಲಕ್ಷ್ಯ ಕೊಡಲಿಲ್ಲ. ಚಾಚಾ ಸೊಗಸಾಗಿ ತೂಗಿ ತೂಗಿ ತೋರಿಸಿದರು. ಒಂದೊಂದು ತೂಕ ಮುಗಿದಾಗಲೂ ರೂಢಿಯಂತೆ "ಮುಂದಿನವರು ಬರ್ರಿ" ಎನ್ನುತ್ತಿದ್ದರು, ಅಷ್ಟೇ.

ಮಕ್ಕಳು ಆ ಪಾಠವನ್ನು ದಿನಾ ಬೇಕೆಂದರು, ದಿನಾ ಹಚ್ಚಿದೆ. ಚಾಚಾನಿಗೂ ಮಾಸ್ತರಿಕೆಯ ಹುಚ್ಚು ಹಿಡಿಯಿತು. ಒಂದು ದಿನ ಒಬ್ಬ ಅಜ್ಜಿ ಖಾಲಿ ಚೀಲ, ತುಂಬಿದ ಬುಟ್ಟಿ ಎರಡನ್ನೂ ಹೊತ್ತು ನನ್ನ ತರಗತಿಗೆ ಬಂದಳು.

"ಬಾಯಾರ, ನನ್ನ ಹೆಸರೂ ಸಾಲಿಗಿ ಹಚ್ಚಕೋರಿ," ಅಂದಳು. "ಎರಡು ಮುಕ್ಕಾಲು ಕೂಡಿದ್ರ ಎಷ್ಟು ಅಂತ ಹೇಳೂತನಕ ಚಾಚಾ ಹಿಟ್ಟ ಬೀಸಿ ಕೊಡವಲ್ಲ."

ಸಾಹೇಬರು

ಸಾಹೇಬರು ಬರುವ ದಿನ ಬಂತು. ತಾಲೂಕಿಗೆ ಹೊಸಬರು, ಕೊಲ್ಲಾಪುರದ ಕಡೆಯವರು ಎಂದು ಸುದ್ದಿ. ಜೀಪಿನಿಂದ ಇಳಿದಾಗಿನಿಂದ ಅವರ ಬಾಯಲ್ಲಿ ಮರಾಠಿ ಬಿಟ್ಟು ಬೇರೆ ಬರಲಿಲ್ಲ. ಟಿವಿ ಒಯ್ಯಲು ಹೊರಗೆ ಒಂದು ಟೆಂಪೋ ಕೂಡ ತಯಾರಾಗಿ ನಿಂತಿತ್ತು. ಚಾಚಾ ಗಿರಣಿ ನಿಲ್ಲಿಸಿ, ಟೋಪಿ ಸರಿಮಾಡಿಕೊಂಡು ಬಾಗಿಲಲ್ಲಿ ಬಂದು ನಿಂತರು. ಅಧ್ಯಕ್ಷರು ಮತ್ತೆ ಕುಂಕುಮ ತಂದಿದ್ದರು. ಕ್ಯಾಮರಾ ಬಿಟ್ಟು ಹಚ್ಚಿರಿ ಎಂದು ಮೊದಲೇ ಹೇಳಿದ್ದೆ.

ನಾನು ಟಿವಿ ಹಚ್ಚಿದೆ. ಊರಿಗೂರೇ ಲೈಟು ಹೋಯಿತು.

ಹತ್ತು ನಿಮಿಷ ಕಾದೆವು. ಬರಲಿಲ್ಲ. ಸಾಹೇಬರು ಗಡಿಯಾರ ನೋಡಿಕೊಂಡು, "ಇದು ಓಡುತ್ತಿತ್ತು ಎಂದು ನಾನು ಹೇಗೆ ನಂಬಲಿ?" ಎಂದು ಮರಾಠಿಯಲ್ಲಿ ಕೇಳಿದರು. ಇಷ್ಟು ತಿಂಗಳು ಒದ್ದಾಡಿ ಕರೆಂಟಿನ ಕೈಯಲ್ಲಿ ಸೋಲುವುದೇ? ನಾನು ಮಕ್ಕಳ ಕಡೆ ತಿರುಗಿದೆ. "ಚಾಚಾನ ಪಾಠ ಟಿವಿ ಇಲ್ಲದ ಹೇಳ್ತೀರೇನು?"

ನಮ್ಮ ಮಕ್ಕಳಿಗೆ ಮಗ್ಗಿ ಹೇಳಿ ರೂಢಿ. ಏನನ್ನೇ ಕಲಿಯಲಿ, ಎಲ್ಲರೂ ಎದ್ದು ನಿಂತು, ಕೈಕಟ್ಟಿ, ಒಂದೇ ರಾಗದಲ್ಲಿ ಮೊದಲಿನಿಂದ ಕೊನೆಯತನಕ ಹೇಳುತ್ತಾರೆ. ನಡುವೆ ನಿಲ್ಲಿಸಿದರೆ ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಹಾಗೆಯೇ ಎದ್ದರು.

"ನಮಸ್ಕಾರ್ರಿ, ನಾ ಗಿರಣಿ ಚಾಚಾ. ಎರಡು ಕಾಲು ಕೂಡಿದ್ರ ಅರ್ಧ. ಮುಂದಿನವರು ಬರ್ರಿ. ಅರ್ಧಕ್ಕ ಕಾಲು ಕೂಡಿದ್ರ ಮುಕ್ಕಾಲು. ಮುಂದಿನವರು ಬರ್ರಿ."

ಸಾಹೇಬರ ಮುಖ ಅರಳಿತು. ಕಪ್ಪು ಹಲಗೆಯ ಮೇಲೆ ತಾವೇ ಒಂದೆರಡು ಲೆಕ್ಕ ಬರೆದರು. ಮಕ್ಕಳು ರಾಗದ ನಡುವೆಯೇ ಉತ್ತರ ಹೇಳಿದರು. ನನಗೆ ಕಣ್ಣು ತುಂಬಿ ಬಂತು. ಸಾಕು, ಕುಂದ್ರಿ ಎಂದು ಕೈಸನ್ನೆ ಮಾಡಿದೆ. ಅವರು ಕೂರಲಿಲ್ಲ. ಪಾಠ ಇನ್ನೂ ಮುಗಿದಿರಲಿಲ್ಲವಲ್ಲ.

"ಟ್ರಿಣ್ ಟ್ರಿಣ್," ಎಂದರು ಎಲ್ಲರೂ ಒಟ್ಟಿಗೆ. ಆಮೇಲೆ ಎಲ್ಲರೂ ಹೆಡ್ ಸರ್ ಹಾಗೆ ಕೆಮ್ಮಿದರು. "ಹಲೋ. ಹೂಂ, ಸಾಹೇಬ್ರು ಬಂದ್ರ ಬರ್ಲಿ ಬಿಡ್ರಿ. ಅವರಿಗೇನು ಕನ್ನಡ ತಿಳೀತೈತಿ? ಎರಡು ಶೇಂಗಾ ಹೋಳಿಗಿ ತಿನಿಸಿದ್ರ ಸಹಿ ಮಾಡಿ ಹೋಗ್ತಾರ. ಮುಂದಿನವರು ಬರ್ರಿ."

ನಾನು ಪಾಠ ಓಡುವಾಗ ಮಕ್ಕಳ ಮುಖ ನೋಡುವವಳು. ಚಾಚಾನ ಗಟ್ಟಿ ದನಿಯ ಹಿಂದೆ ಹೆಡ್ ಸರ್ ಅವರ ಅಂದಿನ ಫೋನಿನ ಮಾತೂ ಸೇರಿಕೊಂಡಿದ್ದು ಟಿವಿಗೆ ಅಂಟಿ ಕುಳಿತ ಮಕ್ಕಳಿಗಷ್ಟೇ ಗೊತ್ತಿತ್ತು.

"ಕೊನೆಗೆ ಏನೋ ಹೇಳಿದರಲ್ಲ, ಅದೇನು?" ಎಂದು ಸಾಹೇಬರು ಮರಾಠಿಯಲ್ಲಿ ಕೇಳಿದರು.

ಹೆಡ್ ಸರ್ ಬೆವರು ಒರೆಸಿಕೊಂಡು ಮರಾಠಿಯಲ್ಲೇ ಉತ್ತರಿಸಿದರು. "ಅದು ಸಾಹೇಬ್ರ, ಅತಿಥಿಗಳನ್ನು ಹೇಗೆ ಗೌರವಿಸಬೇಕು ಎನ್ನುವ ಪಾಠ."

"ಬಹಳ ಒಳ್ಳೆಯ ಪಾಠ," ಎಂದರು ಸಾಹೇಬರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಸಹಿ ಮಾಡಿದರು. ಟೆಂಪೋದವನಿಗೆ ಖಾಲಿಯೇ ಹೋಗು ಎಂದು ಕೈಬೀಸಿದರು. ಟಿವಿ ನಮ್ಮದಾಯಿತು. ಎಲ್ಲರೂ ಗೇಟಿನತನಕ ಕಳಿಸಲು ಹೋದೆವು. ಜೀಪು ಚಾಲೂ ಆಯಿತು. ಸಾಹೇಬರು ತಲೆ ಹೊರಗೆ ಹಾಕಿ, ಸಂಖದ ಸಂತೆಯಲ್ಲಿ ಕೇಳುವಂಥ ಅಪ್ಪಟ ಕನ್ನಡದಲ್ಲಿ ಮಾತಾಡಿದರು.

"ಹೆಡ್ ಸರ್, ನಮ್ಮವ್ವನ ತವರಮನಿ ಇಂಡಿ ಕಡಿ. ಸಹಿ ಅಂತೂ ಮಾಡೀನಿ. ಆ ಎರಡು ಶೇಂಗಾ ಹೋಳಿಗಿ ಎಲ್ಲಿ ಅದಾವ್ರಿ?"