ಅಜ್ಜನ ಸರದಿ

ಗಡಿಯಾರ ರಿಪೇರಿಯವರ ನಾಯಿಗೆ ಹನ್ನೊಂದು ವರ್ಷ. ಮೂತಿಯ ಕೂದಲು ಬೆಳ್ಳಗಾದಾಗಿನಿಂದ ಬೀದಿಗೆಲ್ಲ ಅದು ಅಜ್ಜ. ಒಂದು ಕಾಲದಲ್ಲಿ ನಾಯಿಗಳ ಅಡೆತಡೆ ಓಟದಲ್ಲಿ ಅದನ್ನು ಮೀರಿಸುವ ನಾಯಿಯೇ ಇರಲಿಲ್ಲ. ಆಮೇಲೆ ಮಂಡಿಗೆ ಎರಡು ಆಪರೇಷನ್ ಆಯಿತು. ಅದು ಚಾಪೆ ಬಿಟ್ಟು ಏಳದಂತೆ ಯಜಮಾನರು ಒಂದು ವರ್ಷ ಪಕ್ಕದಲ್ಲೇ ಕೂತು ಗದರಿದ್ದರು. ಈಗ, ಹಿರಿಯ ನಾಯಿಗಳ ವಿಭಾಗದಲ್ಲಿ ಓಡಬಹುದು ಎಂದು ನಾಯಿ ಡಾಕ್ಟರು ಒಪ್ಪಿಗೆ ಕೊಟ್ಟಿದ್ದರು.

"ಎಲ್ಲ ಮರೆತಿರುತ್ತೆ ಸಾರ್. ನೀವೇ ಹಾರಿ ತೋರಿಸಿ," ಎಂದು ಯಾರೂ ಕೇಳದಿದ್ದರೂ ಸಲಹೆ ಕೊಟ್ಟವನು ಪಕ್ಕದ ಮನೆಯ ಔಷಧಿ ಅಂಗಡಿಯವನು. ರಾಮಾಯಣವೆಲ್ಲ ಶುರುವಾಗಿದ್ದು ಅಲ್ಲಿಂದ.

ತಿಂಗಳಿಡೀ ಯಜಮಾನರು ಎರಡು ಬಕೆಟ್ಟಿನ ಮೇಲೆ ಕೋಲಿಟ್ಟು ಹಾರಿದರು, ರಟ್ಟಿನ ಪೆಟ್ಟಿಗೆಗಳ ಸುರಂಗದಲ್ಲಿ ತೆವಳಿದರು. ಅಜ್ಜ ಕೂತು ನೋಡುತ್ತಿತ್ತು. ಇವರು ಏದುಸಿರು ಬಿಡುತ್ತ ನೆಲಕ್ಕೊರಗಿದ ಮೇಲೆ ನಿಧಾನಕ್ಕೆ ಎದ್ದು, ಎಲ್ಲವನ್ನೂ ದಾಟಿ, ಬಾಗಿಲಲ್ಲಿ ನಿಂತ ಇವರ ಹೆಂಡತಿಯ ಕೈಯಿಂದ ಬಿಸ್ಕತ್ತು ತಿನ್ನುತ್ತಿತ್ತು.

ಸ್ಪರ್ಧೆಯ ಬೆಳಿಗ್ಗೆ ಹೆಂಡತಿ ಹೇಳಿದಳು: "ಇವತ್ತೊಂದಿನ ನೋಡ್ತೀನಿ ರೀ. ಯಾರ ಮಂಡಿ ಕೈಕೊಡುತ್ತೋ ಅವರು ಇನ್ಮೇಲೆ ಮನೇಲಿರಬೇಕು. ಒಪ್ಪಿಗೇನಾ?"

"ಒಪ್ಪಿದೆ," ಎಂದರು ಇವರು. ಅಜ್ಜ ಮೂಲೆ ಸೇರಿದರೆ ತಾನೂ ಮುದುಕನಾದೆನೆಂದು ಒಪ್ಪಿಕೊಳ್ಳಬೇಕಲ್ಲ ಎಂಬುದೇ ಅವರ ಸಂಕಟ.

ಮೈದಾನದಲ್ಲಿ ಸೀಟಿ ಊದಿದರು. ಅಜ್ಜ ಗೆರೆಯ ಹಿಂದೆ ಕೂತು ಯಜಮಾನರ ಮುಖ ನೋಡಿತು.

"ಏಳೋ ಮಾರಾಯ, ಮರ್ಯಾದೆ ತೆಗೀಬೇಡ!"

ಅಜ್ಜ ಆಕಳಿಸಿತು.

"ಹಾರಿ ತೋರಿಸಿ ಸಾರ್!" ಬೇಲಿಯಾಚೆಯಿಂದ ಔಷಧಿ ಅಂಗಡಿಯವನು ಕೂಗಿದ.

ಇವರು ಪ್ಯಾಂಟು ಮೇಲೆಳೆದುಕೊಂಡು ಹಾರಿಯೇಬಿಟ್ಟರು. ಒಂದು ಅಡ್ಡಪಟ್ಟಿ ದಾಟಿತು, ಎರಡು ದಾಟಿತು. ಜನ ಚಪ್ಪಾಳೆ ತಟ್ಟಿದರು. ಸುರಂಗದಲ್ಲಿ ಹೊಟ್ಟೆ ಸಿಕ್ಕಿಕೊಂಡು, ಹೇಗೋ ಬಿಡಿಸಿಕೊಂಡು ಹೊರಬಂದರು. ಕೊನೆಯ ಅಡ್ಡಪಟ್ಟಿಗೆ ಕಾಲು ತಗುಲಿತು. ಮಂಡಿ ಲಟಕ್ಕೆಂದಿತು, ಇವರು ಅಂಗಾತ ಬಿದ್ದರು.

ಆಗ ಅಜ್ಜ ಎದ್ದಿತು. ದಿನವೂ ಅದರ ಸರದಿ ಬರುತ್ತಿದ್ದುದು ಇದಾದ ಮೇಲೆ ತಾನೇ? ಆರಾಮವಾಗಿ ಒಂದೊಂದೇ ಪಟ್ಟಿ ಹಾರಿ, ಸುರಂಗ ನುಗ್ಗಿ, ಕೊನೆಗೆ ಪಟ್ಟಿಯ ಜೊತೆಗೆ ಯಜಮಾನರನ್ನೂ ದಾಟಿ, ಆಚೆ ನಿಂತಿದ್ದ ಹೆಂಡತಿಯ ಮುಂದೆ ಬಿಸ್ಕತ್ತಿಗೆ ಬಾಯಿ ತೆರೆಯಿತು.

ತೀರ್ಪುಗಾರರು ಪುಸ್ತಕ ತಿರುವಿದರು. "ಟೈಮಿನ ಲೆಕ್ಕ ಶುರುವಾಗೋದು ನಾಯಿ ಗೆರೆ ದಾಟಿದ ಮೇಲೆ. ಮಾಲೀಕರು ಹಾರಬಾರದು ಅಂತ ಇಲ್ಲೆಲ್ಲೂ ಬರೆದಿಲ್ಲ. ಎರಡನೇ ಬಹುಮಾನ!"

ಅಲ್ಲಿದ್ದ ಒಬ್ಬರೇ ಡಾಕ್ಟರೆಂದರೆ ನಾಯಿ ಡಾಕ್ಟರು. ಅವರೇ ಮಂಡಿ ಒತ್ತಿ ನೋಡಿ, "ಆಸ್ಪತ್ರೆಗೆ ಕರ್ಕೊಂಡು ಹೋಗಿ. ಆರು ವಾರ ಏಳೋ ಹಾಗಿಲ್ಲ," ಎಂದರು.

ಇವರಿಗೆ ನೋವೇ ಮರೆತುಹೋಗಿತ್ತು. "ಗೆದ್ವಿ ಕಣೇ! ಮುಂದಿನ ಸಲಾನೂ ಅಜ್ಜ ಓಡೋದೇ!"

"ಓಡ್ಲಿ ಬಿಡಿ, ಜೊತೆಗೆ ನಾನು ಹೋಗ್ತೀನಿ," ಎಂದಳು ಹೆಂಡತಿ. "ಮಂಡಿ ಕೈಕೊಟ್ಟವರು ಮನೇಲಿ ಅಂತ ತಾನೇ ಮಾತಾಗಿದ್ದು?"

ಸಂಜೆ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದವರು ನೀರಿಗೆಂದು ಮೆಲ್ಲಗೆ ಎದ್ದರು. ಪಕ್ಕದಲ್ಲೇ ಕೂತಿದ್ದ ಅಜ್ಜ ಗುರ್ರೆಂದಿತು. ಇವರು ಮತ್ತೆ ಮಲಗಿದರು.