ಕೈ ಎತ್ತಿದವರ ಮಂಟಪ

ಬಹಳ ಹಿಂದೆ, ಮಳೆಗಿಂತ ವರದಿಗಳೇ ಹೆಚ್ಚು ಸುರಿಯುತ್ತಿದ್ದ ಕಾಲದಲ್ಲಿ, ಶಿಲಾವತಿ ಎಂಬ ರಾಜ್ಯವಿತ್ತು. ಅದನ್ನು ಶ್ಲಾಘನವರ್ಮ ಮಹಾಪ್ರಭುಗಳು ಆಳುತ್ತಿದ್ದರು. ರಾಜಧಾನಿಯ ನಡುವೆ ಸಾವಿರ ವರ್ಷದ ಕಲ್ಲಿನ ಮಂಟಪ. ಕೈ ಎತ್ತಿದರೆ ಸಿಗುವಷ್ಟು ತಗ್ಗಿನ ಅದರ ಚಾವಣಿಯ ತುಂಬ ಕುಣಿಯುವ ಶಿಲಾಬಾಲಿಕೆಯರು. ಬಿಸಿಲೇರಿದರೆ ಊರಿನವರೆಲ್ಲ ಅದರ ನೆರಳಿಗೇ ಬರುತ್ತಿದ್ದರು. ಪ್ರಭುಗಳು ತಮ್ಮ ಹುಟ್ಟುಹಬ್ಬಕ್ಕೆಂದು ಮಂಟಪಕ್ಕೆ ಆತುಕೊಂಡಂತೆ ಸಂಗೀತ ಕಾರಂಜಿಯೊಂದನ್ನು ಕಟ್ಟಿಸಿದ್ದರು. ಅದು ಹಗಲಿಡೀ ಅವರ ಬಿರುದುಗಳನ್ನು ಹಾಡುತ್ತ ನೀರು ಚಿಮ್ಮುತ್ತಿತ್ತು.

ಒಂದು ದಿನ ಮಂಟಪ ಗುಡಿಸುವ ಹುಲಿಗೆವ್ವ ಆಸ್ಥಾನಕ್ಕೆ ಬಂದು, ಸೆರಗಿನ ಗಂಟು ಬಿಚ್ಚಿ, ರತ್ನಗಂಬಳಿಯ ಮೇಲೆ ಒಂದು ಹಿಡಿ ಪುಡಿ ಸುರಿದಳು.

“ಇದು ಉಸುಕಲ್ರಿ ಮಾರಾಜ್ರ, ಚಾವಣಿ ಗೊಂಬಿಗೋಳ ಮಾರಿ, ಮೂಗು. ಕಾರಂಜಿ ನೀರು ಬುಡಕ್ಕಿಳದು ಕಲ್ಲು ಉದರಾಕತ್ತೈತಿ. ಅದೊಂದು ಬಂದ್ ಮಾಡಿದ್ರ ಸಾಕ್ರಿ.”

ಮಹಾಮಂತ್ರಿ ತಥಾಸ್ತುರಾಯರು ಗಂಟಲು ಸರಿಪಡಿಸಿಕೊಂಡರು. “ಪ್ರಭು, ಮುದುಕಿಯ ಕಣ್ಣಿಗೆ ಪ್ರಮಾಣಪತ್ರವಿಲ್ಲ. ವೈಜ್ಞಾನಿಕವಾಗಿ ಪರಿಶೀಲಿಸೋಣ.”

ಸಮುದ್ರದಾಚೆಯಿಂದ ಯಂತ್ರ ಬಂತು. ಶಿಲಾಬಾಲಿಕೆಯರ ಹಣೆಗೆ, ಸೊಂಟಕ್ಕೆ, ಗೆಜ್ಜೆಗೆ ಸೆನ್ಸರ್‌ಗಳನ್ನು ಅಂಟಿಸಿ ವೈರು ಎಳೆದರು. ಇಡೀ ನೃತ್ಯತಂಡವನ್ನು ತೀವ್ರ ನಿಗಾ ಘಟಕಕ್ಕೆ ಸೇರಿಸಿದಂತೆ ಕಂಡಿತು. ಪ್ರಭುಗಳು ರಿಬ್ಬನ್ ಕತ್ತರಿಸಿದ ಕಾಲು ಗಂಟೆಯಲ್ಲೇ ಯಂತ್ರ ಕೆಂಪು ದೀಪ ಹೊತ್ತಿಸಿಕೊಂಡು ನುಡಿಯಿತು: “ಶಿಲೆ ಸವೆಯುತ್ತಿದೆ. ತೇವಾಂಶ ಅಪಾಯದ ಮಟ್ಟದಲ್ಲಿದೆ. ಮೂಲ: ಕಾರಂಜಿ.”

ಪ್ರಭುಗಳ ಮುಖ ಸಪ್ಪಗಾಯಿತು. “ಇಷ್ಟು ದೂರದಿಂದ ಬಂದದ್ದೂ ಆ ಮುದುಕಿಯ ಮಾತನ್ನೇ ಆಡುವುದೇ?”

“ಹೊಸದಲ್ಲವೇ ಪ್ರಭು, ಇಲ್ಲಿಯ ರೀತಿನೀತಿ ಇನ್ನೂ ಕಲಿತಿಲ್ಲ,” ಎಂದರು ಮಂತ್ರಿಗಳು.

ಯಂತ್ರವನ್ನು ಒಂಬತ್ತು ದಿನಗಳ ತರಬೇತಿ ಶಿಬಿರಕ್ಕೆ ಕಳಿಸಲಾಯಿತು. ಮರಳಿ ಬಂದಾಗ ಅದಕ್ಕೆ ಕಾರಂಜಿ ಎಂಬ ಪದವೇ ಮರೆತುಹೋಗಿತ್ತು. “ಮೂಲ: ಗೊತ್ತಿಲ್ಲ. ಪರಿಹಾರ: ಚಾವಣಿಗೆ ಕೆಳಗಿನಿಂದ ಆಧಾರ ಕೊಡಿ,” ಎಂದಿತು.

ಕಬ್ಬಿಣದ ಕಂಬ ನಿಲ್ಲಿಸಿದರೆ ಫೋಟೋ ಕೆಡುತ್ತದೆ, ಜನ ನಿಂತರೆ ಫೋಟೋ ಕಳೆಗಟ್ಟುತ್ತದೆ ಎಂದು ಆಸ್ಥಾನ ತೀರ್ಮಾನಿಸಿತು. ಹೀಗೆ ‘ಹಸ್ತಾಧಾರ ಯೋಜನೆ’ ಜಾರಿಗೆ ಬಂತು. ಮನೆಗೊಬ್ಬರು ಬಂದು ಎರಡೂ ಅಂಗೈಗಳಿಂದ ಚಾವಣಿ ಎತ್ತಿ ಹಿಡಿಯತಕ್ಕದ್ದು. ಹುಲಿಗೆವ್ವನ ಗಂಡ ದುರುಗಪ್ಪ ಬಿರುಕು ದೊಡ್ಡದಿದ್ದ ಮೂಲೆಯಲ್ಲಿ ನಿಂತ.

“ಕಲ್ಲು ಮೈಮ್ಯಾಲ ಬಿದ್ರ ಏನ್ ಮಾಡೂದ್ರಿ?” ಎಂದು ಹುಲಿಗೆವ್ವ ಕೇಳಿದಳು.

“ಚಿಂತೆ ಬೇಡ ತಾಯಿ, ಬಿದ್ದ ಕೂಡಲೇ ಯಂತ್ರ ನಮಗೆ ತಿಳಿಸುತ್ತದೆ,” ಎಂದರು ಮಂತ್ರಿಗಳು.

ಮೂರನೆಯ ದಿನ ಮಂತ್ರಿಗಳು ಏದುಸಿರು ಬಿಡುತ್ತ ಅಂತಃಪುರಕ್ಕೇ ನುಗ್ಗಿದರು. “ಪ್ರಭು, ಯಂತ್ರ ಹೇಳುತ್ತಿದೆ, ಅಂಗೈ ತಾಗಿದಲ್ಲೆಲ್ಲ ಕಲ್ಲು ಬೆಚ್ಚಗಾಗಿದೆ! ನಿಮಿಷಕ್ಕೆ ನೂರಹತ್ತರಂತೆ ಎದೆ ಬಡಿದುಕೊಳ್ಳುತ್ತಿದೆ! ತಮ್ಮ ಆಳ್ವಿಕೆಯಲ್ಲಿ ಶಿಲೆಗೂ ಜೀವ ಬಂತು!”

ಪ್ರಭುಗಳಿಗೆ ‘ಶಿಲಾಪ್ರಾಣದಾತ’ ಎಂಬ ಬಿರುದು ಘೋಷಣೆಯಾಯಿತು. ಅದನ್ನು ಹಾಡಲು ಹಳೆಯ ಕಾರಂಜಿ ಸಾಲದೆಂದು, ಮಂಟಪದ ಇನ್ನೊಂದು ಬದಿಗೆ ಎರಡನೆಯದನ್ನು ಕಟ್ಟುವುದೆಂದಾಯಿತು. ಆದರೆ ಶಿಲಾವತಿ ಪ್ರಜಾಭಿಪ್ರಾಯವನ್ನು ಗೌರವಿಸುವ ರಾಜ್ಯ. ಪ್ರಭುಗಳು ಕಿರೀಟ ಧರಿಸಿ ಮಂಟಪದೆದುರು ಬಿಜಯಂಗೈದರು. ಮಂತ್ರಿಗಳು ಗಟ್ಟಿಯಾಗಿ ಕೇಳಿದರು:

“ಎರಡನೆಯ ಕಾರಂಜಿಗೆ ಒಪ್ಪಿಗೆ ಇರುವವರು ಕೈ ಎತ್ತಿ!”

ಮುನ್ನೂರು ಜನರ ಆರುನೂರು ಕೈಗಳು ಎತ್ತಿಯೇ ಇದ್ದವು. ಹೊರಗೆ ನಿಂತಿದ್ದ ಹುಲಿಗೆವ್ವನ ಕೈಗಳು ಮಾತ್ರ ಕೆಳಗಿದ್ದವು.

“ಒಂದು ವಿರೋಧ,” ಎಂದು ಮಂತ್ರಿಗಳು ಬರೆಯಲು ಲೇಖನಿ ಎತ್ತಿದರು.

ಅಷ್ಟರಲ್ಲಿ ದುರುಗಪ್ಪ ಭಾರಕ್ಕೆ ಕುಸಿಯತೊಡಗಿದ. ಚಾವಣಿ ಕಿರುಗುಟ್ಟಿತು. “ಅಯ್ಯೋ ನಮ್ಮವ್ವ, ತಡಿ, ಬಂದೆ!” ಎಂದು ಹುಲಿಗೆವ್ವ ಓಡಿಹೋಗಿ ಗಂಡನ ಪಕ್ಕದಲ್ಲಿ ಎರಡೂ ಕೈ ಮೇಲೆತ್ತಿ ಕಲ್ಲಿಗೆ ಕೊಟ್ಟಳು.

ಮಂತ್ರಿಗಳು ಸಂತೋಷದಿಂದ ಬರೆದುಕೊಂಡರು: ಸರ್ವಾನುಮತ.